ಹನ್ನೆರಡು ಫಾರಂ, ಒಂದೇ ಕೈಬರಹ

ಭಾಲ್ಕಿಯ ಆ ಓಣಿಯ ಮಹಿಳಾ ಸಂಘಕ್ಕೆ ಯಾವ ಫಾರಂ ಬಂದರೂ ತುಂಬುವುದು ಶಾಲುಬಾಯಿ. ಸಂಘದಲ್ಲಿ ಹನ್ನೆರಡು ಜನ. ಅರ್ಧಕ್ಕಿಂತ ಹೆಚ್ಚು ಜನಕ್ಕೆ ಓದು ಬರುತ್ತದೆ. ಆದರೂ ಫಾರಂ ಎಂದರೆ ಎಲ್ಲರಿಗೂ ಬೇಸರ. ಶಾಲುಬಾಯಿ ಏಳನೆಯ ತರಗತಿ ಓದಿದವರು, ದುಂಡಗೆ ಬರೆಯುತ್ತಾರೆ. ಎಲ್ಲರ ಆಧಾರ್ ನಕಲು ಅವರ ಟ್ರಂಕಿನಲ್ಲೇ ಇರುತ್ತದೆ. ಮೊದಲು ತಮ್ಮ ಫಾರಂ ತುಂಬುತ್ತಾರೆ. ಅದನ್ನು ಎದುರಿಗಿಟ್ಟುಕೊಂಡು ಉಳಿದ ಹನ್ನೊಂದನ್ನು ಬರೆಯುತ್ತಾರೆ. ಹೆಸರು, ವಯಸ್ಸು ಬೇರೆ. ಉಳಿದದ್ದೆಲ್ಲ ಒಂದೇ. ಹೊಲಿಗೆ ಯಂತ್ರದ ಅರ್ಜಿ, ವಿಮೆಯ ಅರ್ಜಿ, ಎಲ್ಲ ಹೀಗೇ ಹೋಗಿವೆ. ಒಂದೂ ತಿರುಗಿ ಬಂದಿರಲಿಲ್ಲ.

ಕಳೆದ ಜುಲೈನಲ್ಲಿ ಬಂದ ಫಾರಂ ಬೇರೆ ಥರದ್ದು. ಹೊರ ಜಿಲ್ಲೆಯ ಒಂದು ಸಂಶೋಧನಾ ಸಂಸ್ಥೆಯವರು ಹೆಂಗಸರ ಎಲುಬು ಎಷ್ಟು ಗಟ್ಟಿ ಇವೆ ಎಂದು ಅಧ್ಯಯನ ಮಾಡುತ್ತಿದ್ದರು. ಇಪ್ಪತ್ತೈದರಿಂದ ಅರವತ್ತು ವರ್ಷದೊಳಗಿನ ಸ್ವಯಂಸೇವಕಿಯರು ಬೇಕಾಗಿದ್ದರು. ರಕ್ತ ಕೊಡಬೇಕು, ಸೊಂಟದ ಎರಡು ಎಕ್ಸ್‌ರೇ ತೆಗೆಸಿಕೊಳ್ಳಬೇಕು. ಇವರು ಯಾರೂ ರೋಗಿಗಳಲ್ಲ. ಎಕ್ಸ್‌ರೇ ಬೇಕಾಗಿದ್ದುದು ಅಧ್ಯಯನಕ್ಕೆ. ಅದಕ್ಕೇ ಒಪ್ಪಿಗೆಯ ಫಾರಂ ನಾಲ್ಕು ಪುಟ ಇತ್ತು.

"ಬಾಯಿ, ಎಷ್ಟ ಉದ್ದ ಅದರಿ ಇದು! ಜಮೀನ ಖರೀದಿ ಕಾಗದ ಇದ್ದಾಂಗ ಅದ," ಎಂದಳು ಸಂಘದ ಒಬ್ಬಾಕೆ.

"ಓದ್ಕೊಂತ ಕುಂತ್ರ ಸಂಜಿ ಆಗ್ತದ," ಎಂದರು ಶಾಲುಬಾಯಿ. "ನೀವು ಕೆಳಗ ಸಹಿ ಮಾಡ್ರಿ. ಉಳದಿದ್ದು ನಾ ನೋಡ್ಕೋತೇನಿ."

ಮೂರನೆಯ ಪುಟದಲ್ಲಿ ಒಂದು ಪ್ರಶ್ನೆ ಇತ್ತು: ನೀವು ಈಗ ಗರ್ಭಿಣಿಯೇ? ಗರ್ಭಿಣಿಯಾಗಿರುವ ಸಾಧ್ಯತೆ ಇದೆಯೇ? ಕೊನೆಯ ಮುಟ್ಟಿನ ದಿನಾಂಕ ಯಾವುದು?

ಶಾಲುಬಾಯಿಗೆ ಐವತ್ತನಾಲ್ಕು ವರ್ಷ. ತಮ್ಮ ಫಾರಂನಲ್ಲಿ 'ಇಲ್ಲ' ಎಂದು ಬರೆದರು. ದಿನಾಂಕದ ಜಾಗದಲ್ಲಿ ಒಂದು ಅಡ್ಡಗೆರೆ ಎಳೆದರು. ಆಮೇಲೆ ಉಳಿದ ಹನ್ನೊಂದರಲ್ಲೂ 'ಇಲ್ಲ' ಎಂದು ಬರೆದು ಅಡ್ಡಗೆರೆ ಎಳೆದರು. ಕೊನೆಯದು ಅವರ ಸೊಸೆ ಪ್ರಣಾಲಿಯದು. ಅವಳಿಗೆ ಇಪ್ಪತ್ತಾರು ವರ್ಷ.

ಪ್ರಣಾಲಿಗೆ ಆಗ ಏಳನೆಯ ವಾರ. ಅದು ಗೊತ್ತಿದ್ದುದು ಅವಳಿಗೆ ಮತ್ತು ತೊಗರಿಬೇಳೆ ಮಿಲ್ಲಿನಲ್ಲಿ ಕೆಲಸ ಮಾಡುವ ಗಂಡ ಉತ್ತಮನಿಗೆ ಮಾತ್ರ.

ಮುಚ್ಚಿಡಲು ಕಾರಣವಿತ್ತು. ಎರಡು ವರ್ಷದ ಹಿಂದೆ ಅವಳು ಬಸಿರಾದಾಗ ಶಾಲುಬಾಯಿ ಆರು ವಾರಕ್ಕೇ ಓಣಿಗೆಲ್ಲ ಪೇಡೆ ಹಂಚಿದ್ದರು. ಅದು ನಿಲ್ಲಲಿಲ್ಲ. ಮುಂದೆ ತಿಂಗಳುಗಟ್ಟಲೆ ಪ್ರಣಾಲಿ ಹೊರಗೆ ಕಾಲಿಟ್ಟರೆ ಸಾಕು, ಯಾರಾದರೂ ನಿಲ್ಲಿಸಿ ಮರುಕ ತೋರಿಸುತ್ತಿದ್ದರು.

"ಈ ಸಲ ಮೂರು ತಿಂಗಳು ಮುಗಿಯೋ ತನಕ ನಿಮ್ಮ ಅವ್ವಗೂ ಹೇಳಬ್ಯಾಡ್ರಿ," ಎಂದಿದ್ದಳು ಗಂಡನಿಗೆ.

"ಅವ್ವಗ ಹೇಳೋದೂ ಒಂದೇ, ಬಸ್‌ಸ್ಟ್ಯಾಂಡಿನ ಮೈಕಿನಾಗ ಹೇಳೋದೂ ಒಂದೇ," ಎಂದು ಉತ್ತಮ ನಕ್ಕಿದ್ದ. ಇಬ್ಬರೂ ಬಾಯಿ ಬಿಡಲಿಲ್ಲ.

ಅಧ್ಯಯನದ ಶಿಬಿರ ನಡೆದದ್ದು ಒಂದು ಮದುವೆ ಹಾಲ್‌ನಲ್ಲಿ. ಎಕ್ಸ್‌ರೇ ಯಂತ್ರದ ಗಾಡಿ ಹೊರಗೆ ನಿಂತಿತ್ತು. ಒಳಗೆ ನಲವತ್ತು ಹೆಂಗಸರು. ಸಂಸ್ಥೆಯ ಹುಡುಗನೊಬ್ಬ ಬಾಗಿಲಲ್ಲಿ ನಿಂತು ಪಟ್ಟಿ ನೋಡುತ್ತ ಕೂಗಿದ: "ಬಸಿರಿದ್ದೋರು ಯಾರಾದ್ರೂ ಇದ್ದೀರೇನ್ರಿ? ಇದ್ರ ಕೈ ಎತ್ರಿ!"

ಹಾಲ್‌ನಲ್ಲಿ ನಗು ಎದ್ದಿತು. "ಈ ವಯಸ್ಸಿನಾಗ ನಾ ಕೈ ಎತ್ತಿದ್ರ ಪೇಪರ್‌ನಾಗ ಬರ್ತದ್ರಿ ಸಾಹೇಬ್ರ!" ಎಂದಳು ಬಿಳಿಗೂದಲಿನ ಹೆಂಗಸೊಬ್ಬಳು. ನಗು ಮತ್ತಷ್ಟು ಜೋರಾಯಿತು. ಆ ನಗುವಿನಲ್ಲಿ, ಅತ್ತೆಯ ಪಕ್ಕದಲ್ಲಿ ಕೂತು ಪ್ರಣಾಲಿ ಕೈ ಎತ್ತಲಿಲ್ಲ.

ಅವಳ ಸರದಿ ಬಂದಾಗ ಮೆಲ್ಲಗೆ ಹೇಳಿದಳು: "ಅತ್ತಿ, ನಂಗ ಇವತ್ತ ಬ್ಯಾಡ್ರಿ. ಸೊಂಟ ನೋಯಾಕತ್ತದ."

"ಸೊಂಟ ನೋಯ್ತದಂದ್ರ ಚಲೋನೇ ಆತಲ್ಲ. ಅವರು ತಗಿಯೋದೂ ಸೊಂಟದ ಫೋಟೋನೇ. ನಡಿ, ಜಲ್ದಿ ಹೋಗು."

ಗಾಡಿಯೊಳಗಿದ್ದ ತಂತ್ರಜ್ಞ ಫಾರಂ ನೋಡಿದ. 'ಇಲ್ಲ' ಎಂದಿತ್ತು. ಮುಟ್ಟಿನ ದಿನಾಂಕದ ಜಾಗದಲ್ಲಿ ಗೆರೆ ಇತ್ತು. ಇಪ್ಪತ್ತಾರು ವರ್ಷದ ಹೆಣ್ಣುಮಗಳಿಗೆ ಆ ಗೆರೆ ಯಾಕೆ ಎಂದು ಅವನು ಕೇಳಲಿಲ್ಲ. ಅಂಗಾತ ಮಲಗಿಸಿ ಒಂದು, ಮಗ್ಗುಲಿಗೆ ಹೊರಳಿಸಿ ಒಂದು ಎಕ್ಸ್‌ರೇ ತೆಗೆದ. ಐದು ನಿಮಿಷದ ಕೆಲಸ.

ಹತ್ತು ದಿನದಲ್ಲಿ ಪ್ರಣಾಲಿಗೆ ವಾಂತಿ ಶುರುವಾಯಿತು. ಶಾಲುಬಾಯಿಗೆ ತಿಳಿಯಲು ಯಾರೂ ಹೇಳಬೇಕಿರಲಿಲ್ಲ. "ಕಳ್ಳಿ! ನನ್ನ ಮುಂದೂ ಮುಚ್ಚಿಟ್ಟೆಲ್ಲ!" ಎಂದು ಸೊಸೆಯ ಬೆನ್ನಿಗೆ ಗುದ್ದಿ ನಕ್ಕರು. ಆ ನಗು ಎರಡು ದಿನ ಉಳಿಯಿತು.

ಮೂರನೆಯ ದಿನ, ಶನಿವಾರ, ಶಾಲುಬಾಯಿಯ ಅಕ್ಕ ಕೇಶರಬಾಯಿ ಔರಾದದಿಂದ ಬಂದರು. ಚಹಾ ಕುಡಿಯುತ್ತ ಶಿಬಿರದ ಸುದ್ದಿ ಕೇಳಿದರು. ಕಪ್ಪು ಕೆಳಗಿಟ್ಟರು.

"ಬಸಿರಾಗ ಎಕ್ಸ್‌ರೇ ತಗಿಸೀರೇನು? ಶಾಲು, ನಿನಗ ಬುದ್ಧಿ ಅದ ಇಲ್ಲ? ನಮ್ಮ ಕಡಿ ಒಬ್ಬಾಕಿ ಹಿಂಗೇ ಮಷಿನ್ ಕೆಳಗ ಮಲಗಿದ್ಳು. ಹುಟ್ಟಿದ ಕೂಸಿಗೆ ಕೈಯೇ ಇರಲಿಲ್ಲ."

"ಯಾರ ಮನೀದು ಅಕ್ಕಾ?"

"ಯಾರ ಮನೀದೋ ಯಾಂವಗ ಗೊತ್ತು. ಬಸ್‌ನಾಗ ಮಾತಾಡ್ತಿದ್ರು."

ಆ ಮನೆಗೆ ಭಯ ಹೊಕ್ಕಿದ್ದು ಇಷ್ಟರಿಂದಲೇ. ಹೆಸರಿಲ್ಲದ ತಾಯಿ, ಊರಿಲ್ಲದ ಕೂಸು, ಬಸ್ಸಿನಲ್ಲಿ ಕೇಳಿದ ಮಾತು.

ಉತ್ತಮ ಅತಿಯಾ ಎಂಬವಳಿಗೆ ಫೋನ್ ಮಾಡಿದ. ಅತಿಯಾಳ ತವರು ಅದೇ ಓಣಿಯ ತುದಿಯಲ್ಲಿ. ಬೀದರಿನ ಆಸ್ಪತ್ರೆಯಲ್ಲಿ ಎಕ್ಸ್‌ರೇ ವಿಭಾಗದಲ್ಲಿ ಕೆಲಸ ಮಾಡುತ್ತಾಳೆ. ಭಾನುವಾರ ಬೆಳಿಗ್ಗೆ ಬಂದಳು.

"ಮೊದಲು ಕಾಗದ ತೋರಸ್ರಿ ಕಾಕು. ಸಹಿ ಮಾಡಿದ ಫಾರಂನ ನಕಲು."

"ಫಾರಂ ಅವರೇ ಒಯ್ದಾರಲ್ಲ."

"ನಕಲು ನಿಮ್ಮ ಕೈಯಾಗ ಕೊಡಬೇಕ್ರಿ. ಅದು ನಿಮ್ಮ ಹಕ್ಕದ. ಯಾವ ಮಷಿನ್, ಎಷ್ಟ ಫೋಟೋ, ತ್ರಾಸ ಆದ್ರ ಯಾರಿಗೆ ಫೋನ್ ಮಾಡಬೇಕು, ಎಲ್ಲ ಅದರಾಗ ಇರ್ತದ. ಹೋಗಲಿ. ಪ್ರಣಾಲಿ, ಎಷ್ಟ ಸಲ ತಗದ್ರು?"

"ಎರಡ ಸಲ ರೀ ಅಕ್ಕಾ."

"ಬರೇ ಎರಡು. ಹಂಗಿದ್ರ ಫಿಕರ್ ಮಾಡಬ್ಯಾಡ. ಸೊಂಟದ ಎರಡು ಎಕ್ಸ್‌ರೇದಾಗ ಕೂಸಿಗೆ ಮುಟ್ಟೋದು ಬಹಳ ಕಮ್ಮಿ. ಖರೆ ಅಂಕಿ ಬೇಕಂದ್ರ ಆ ಮಷಿನ್ನಿನ ಮಾಹಿತಿ ಬೇಕು. ನಾ ನಾಳೆ ಅವರಿಗೆ ಫೋನ್ ಮಾಡಿ ತರಸ್ತೇನಿ. ಬುಧವಾರ ಬೀದರಕ್ಕ ಬರ್ರಿ, ನಮ್ಮ ಸುಮನ ಡಾಕ್ಟರಿಗೆ ತೋರಸೋಣು."

ಶಾಲುಬಾಯಿ ಸುಮ್ಮನಾಗುವವರಲ್ಲ. "ಕಮ್ಮಿ, ಕಮ್ಮಿ ಅಂತೀ. ಅಷ್ಟ ಕಮ್ಮಿ ಇದ್ರ ನೀವ್ಯಾಕ ಸೀಸದ ಕೋಟ್ ಹಾಕ್ಕೋತೀರಿ? ಫೋಟೋ ತಗಿಯೋ ಮುಂದ ಗ್ವಾಡಿ ಹಿಂದ ಯಾಕ ಓಡ್ತೀರಿ?"

"ಚಲೋ ಕೇಳಿದ್ರಿ. ನಾ ದಿನಾ ನಲವತ್ತು ಫೋಟೋ ತಗಿತೇನ್ರಿ ಕಾಕು. ಹನ್ನೆರಡು ವರ್ಷ ಆತು. ಪ್ರಣಾಲಿ ಮಲಗಿದ್ದು ಒಂದ ದಿನ. ಬಿಸಿಲಾಗ ಒಂದ ಗಳಿಗಿ ನಿಂತೋರೂ ದಿನಪೂರ್ತಿ ಕಳೆ ಕೀಳೋರೂ ಒಂದೇ ಏನು?" ಅತಿಯಾ ಮುಂದುವರಿಸಿದಳು. "ಹಂಗಂತ ಒಂದ ಫೋಟೋನೂ ಸುಮ್ಮನ ತಗಿಬಾರದು. ಬಸಿರಿದ್ದಾಕಿಗೆ ಅಧ್ಯಯನಕ್ಕಂತ ತಗಿಯೋದಂತೂ ತಪ್ಪೇ. ಅದಕ್ಕೇ ಫಾರಂನಾಗ ಆ ಪ್ರಶ್ನಿ ಇರ್ತದ."

"ಯಾವ ಪ್ರಶ್ನಿ?"

"ಬಸಿರಿದ್ದೀರೇನು ಅಂತ. ಯಾರು ಬರದ್ರಿ ಅದನ್ನ?"

ಶಾಲುಬಾಯಿ ಚಹಾದ ಕಪ್ಪುಗಳನ್ನು ಎತ್ತಿಕೊಂಡು ಒಳಗೆ ಹೋದರು.

ಅತಿಯಾ ಹೊರಡುವಾಗ ಬಾಗಿಲಲ್ಲಿ ನಿಂತು ಮತ್ತೆ ಹೇಳಿದಳು: "ಬುಧವಾರ ತನಕ ಏನೂ ತಗೋಬ್ಯಾಡ್ರಿ. ಗುಳಿಗಿ ಇಲ್ಲ, ಕಷಾಯ ಇಲ್ಲ. ಏನೂ."

ಅವಳು ಓಣಿ ದಾಟುವ ಮೊದಲೇ ಕೇಶರಬಾಯಿ ಶುರು ಮಾಡಿದರು. "ಆಕಿ ದವಾಖಾನಿಯಾಕಿ. ತನ್ನ ಮಷಿನ್ನಿಗೆ ತಾನೇ ಕೆಟ್ಟ ಅಂತಾಳೇನು? ಹೊಟ್ಟಿಪಾಡು ಅದರ ಮ್ಯಾಲೇ ಅದ. ಶಾಲು, ದಿನ ಹೋದಾಂಗ ತ್ರಾಸ ಜಾಸ್ತಿ. ನಮ್ಮಲ್ಲಿ ಒಂದ ಅಂಗಡಿಯಾಗ ಬಸಿರು ಇಳಸೋ ಗುಳಿಗಿ ಕೊಡ್ತಾರ. ಚೀಟಿ ಕೇಳೂದಿಲ್ಲ."

ಸೋಮವಾರ ಅತಿಯಾ ಸಂಸ್ಥೆಗೆ ಫೋನ್ ಮಾಡಿದಳು. ಮೇಲ್ ಕಳಿಸಿ, ನೋಡುತ್ತೇವೆ ಎಂದರು. ಕಳಿಸಿದಳು. ಅದೇ ದಿನ ಕೇಶರಬಾಯಿ ಔರಾದದ ಬಸ್ಸು ಹತ್ತಿದರು. ಮಂಗಳವಾರ ಬೆಳಿಗ್ಗೆ ಗುಳಿಗೆ ತೆಗೆದುಕೊಂಡು ತಿರುಗಿ ಬಂದರು.

"ಒಂದ ದಿನ ತಡೀರಿ ಅತ್ತಿ," ಎಂದಳು ಪ್ರಣಾಲಿ. "ನಾಳೆ ಬುಧವಾರ."

"ನಾಳೆ ಅವರು ಏನೂ ಆಗಿಲ್ಲ ಅಂತಾರ. ಏಳು ತಿಂಗಳಾದ ಮ್ಯಾಲ ಕೈಯಿಲ್ಲದ ಕೂಸು ಹುಟ್ಟಿದ್ರ ಅವರು ಬಂದು ನೋಡ್ತಾರೇನು? ನಿನಗಿನ್ನೂ ಇಪ್ಪತ್ತಾರು. ಮತ್ತ ಆಗ್ತಾವ."

"ಆಗೋದಿದ್ರ ಹಿಂದಿಂದೇ ನಿಲ್ತಿತ್ತಲ್ಲರಿ."

ಪ್ರಣಾಲಿ ಮಿಲ್ಲಿಗೆ ಫೋನ್ ಮಾಡಿದಳು. ಯಂತ್ರದ ಸಪ್ಪಳದಲ್ಲಿ ಉತ್ತಮನಿಗೆ ಅರ್ಧ ಕೇಳಿಸಿತು, ಅರ್ಧ ಇಲ್ಲ. "ಅವ್ವ ದೊಡ್ಡಾಕಿ. ಆಕಿ ಹೇಳಿದಾಂಗ ಮಾಡು," ಎಂದು ಇಟ್ಟುಬಿಟ್ಟ.

ಅವಳು ಗುಳಿಗೆ ನುಂಗಿದಳು.

ಬುಧವಾರ ಪ್ರಣಾಲಿ ಬೀದರಿಗೆ ಹೋದಳು. ಹೋದದ್ದು ಬಸ್ಸಿನಲ್ಲಲ್ಲ, ಆಂಬುಲೆನ್ಸಿನಲ್ಲಿ. ರಕ್ತ ನಿಂತಿರಲಿಲ್ಲ. ಆಸ್ಪತ್ರೆಯಲ್ಲಿ ಎರಡು ಬಾಟಲಿ ರಕ್ತ ಏರಿಸಿದರು, ಗರ್ಭಕೋಶ ಸ್ವಚ್ಛ ಮಾಡಿದರು. ಇನ್ನೊಂದು ತಾಸು ತಡವಾಗಿದ್ದರೆ ಅವಳೂ ಉಳಿಯುತ್ತಿರಲಿಲ್ಲ ಎಂದರು ಸುಮನ ಡಾಕ್ಟರು.

ಸಂಸ್ಥೆಯ ಕಾಗದ ಶುಕ್ರವಾರ ಬಂತು. ಸುಮನ ಡಾಕ್ಟರು ಅದನ್ನು ಆಸ್ಪತ್ರೆಯ ವಿಕಿರಣ ತಜ್ಞರಿಗೆ ತೋರಿಸಿ, ಲೆಕ್ಕ ಹಾಕಿಸಿಕೊಂಡು ವಾರ್ಡಿಗೆ ಬಂದರು. ಪ್ರಣಾಲಿ ಹಾಸಿಗೆಯಲ್ಲಿದ್ದಳು. ಉತ್ತಮ ಕಾಲ ಬಳಿ ನಿಂತಿದ್ದ, ಶಾಲುಬಾಯಿ ಸ್ಟೂಲಿನ ಮೇಲೆ ಕೂತಿದ್ದರು. ಅತಿಯಾ ಗೋಡೆಗೆ ಒರಗಿ ನಿಂತಿದ್ದಳು.

"ಕೂಸಿಗೆ ಮುಟ್ಟಿದ್ದು ಸುಮಾರು ಮೂರು ಮಿಲಿಗ್ರೇ," ಎಂದರು ಡಾಕ್ಟರು. "ಮಿಲಿಗ್ರೇ ಅಂದ್ರ ವಿಕಿರಣ ಅಳೆಯೋ ಮಾಪ, ಹಾಲು ಅಳೆಯಾಕ ಲೀಟರ್ ಇದ್ದಾಂಗ. ನೂರರ ಕೆಳಗ ಇದ್ರ ಎಕ್ಸ್‌ರೇ ಆತು ಅನ್ನೋ ಕಾರಣಕ್ಕ ಗರ್ಭ ತಗಿಸಬಾರದು ಅಂತ ಜಗತ್ತಿನ ಎಲ್ಲಾ ಕಡೆ ಡಾಕ್ಟರ್‌ಗಳು ಒಪ್ಪಿದ ಮಾತು. ಅಂಗ ಊನ ಆಗೋದಾಗಲಿ, ಗರ್ಭ ಇಳಿಯೋದಾಗಲಿ, ಐವತ್ತರ ಒಳಗ ಕಂಡಿಲ್ಲ. ನಿಮ್ಮದು ಮೂರು."

"ಅಂದ್ರ ನನ್ನ ಕೂಸಿಗೆ ಏನೂ ಆಗಿರಲಿಲ್ಲೇನ್ರಿ?" ಎಂದು ಪ್ರಣಾಲಿ ಕೇಳಿದಳು.

ಡಾಕ್ಟರು ಹಾಸಿಗೆಯ ಹತ್ತಿರ ಬಂದರು. "ಯಾವ ಬಸಿರಿಗೂ ಪೂರಾ ಖಾತ್ರಿ ಯಾರೂ ಕೊಡಾಕ ಬರೂದಿಲ್ಲವ್ವ. ಎಕ್ಸ್‌ರೇ ಇಲ್ಲದೆ ಹುಟ್ಟಿದ ನೂರು ಕೂಸಿನಾಗೂ ಎರಡು ಮೂರಕ್ಕ ಏನಾದ್ರೂ ಊನ ಇರ್ತದ. ಆದರ ಈ ಎರಡು ಫೋಟೋದಿಂದ ಹಂಗ ಆಗ್ತಿರಲಿಲ್ಲ."

ಪ್ರಣಾಲಿ ಗೋಡೆಯ ಕಡೆ ಹೊರಳಿದಳು. ಉತ್ತಮ ಹೊರಗೆ ಹೋದ. ಶಾಲುಬಾಯಿ ಸ್ಟೂಲಿನಿಂದ ಏಳಲಿಲ್ಲ. ಕೂತಲ್ಲಿಂದಲೇ ಅತಿಯಾಳನ್ನು ಕೇಳಿದರು: "ನೀ ಭಾನುವಾರ ಹೇಳಿದ್ದೂ ಇದೇ ಏನು?"

"ಹೌದ್ರಿ ಕಾಕು. ಇದೇ."

ಊರಿಗೆ ಬಂದ ಮೇಲೆ ಅತಿಯಾಳ ಸಹಾಯದಿಂದ ಉತ್ತಮ ಸಂಸ್ಥೆಯ ನೈತಿಕ ಸಮಿತಿಗೆ ದೂರು ಬರೆದ. ಮನುಷ್ಯರ ಮೇಲೆ ನಡೆಯುವ ಪ್ರತಿ ಸಂಶೋಧನೆಗೂ ಇಂಥ ಸಮಿತಿಯ ಒಪ್ಪಿಗೆ ಬೇಕು. ಸ್ವಯಂಸೇವಕರ ದೂರು ಕೇಳುವುದೂ ಅದರ ಕೆಲಸ. ಎರಡು ತಿಂಗಳಿಗೆ ಉತ್ತರ ಬಂತು. ಎಕ್ಸ್‌ರೇಗೆ ಮುಂಚೆ ಮೂತ್ರ ಪರೀಕ್ಷೆ ಮಾಡಿ, ಗರ್ಭಿಣಿಯಲ್ಲ ಎಂದು ಖಚಿತಪಡಿಸಿಕೊಳ್ಳಬೇಕು ಎಂದು ತಮ್ಮ ನಿಯಮದಲ್ಲೇ ಇದೆ, ಆ ದಿನ ಪರೀಕ್ಷೆಯ ಕಿಟ್ ಮುಗಿದಿತ್ತು, ಇದಕ್ಕೆ ವಿಷಾದವಿದೆ ಎಂದಿತ್ತು. ಅದರ ಕೆಳಗಿನ ಸಾಲು: 'ಆದರೆ ಸ್ವಯಂಸೇವಕಿಯು ತಾನು ಗರ್ಭಿಣಿಯಲ್ಲ ಎಂದು ಸ್ವತಃ ಲಿಖಿತವಾಗಿ ತಿಳಿಸಿರುತ್ತಾರೆ.' ಸಾಕ್ಷಿಗೆ ಮೂರನೆಯ ಪುಟದ ನಕಲು ಲಗತ್ತಿಸಿದ್ದರು. ಶಿಬಿರದ ದಿನ ಯಾರೂ ಕೊಡದ ನಕಲು ಈಗ ಕೇಳದೆಯೇ ಬಂದಿತ್ತು.

ಪ್ರಣಾಲಿ ಆ ಹಾಳೆಯನ್ನು ಅತ್ತೆಯ ಮುಂದೆ ಇಟ್ಟಳು.

"ಇದು ನಿಮ್ಮ ಅಕ್ಷರ ಅಲ್ಲೇನ್ರಿ ಅತ್ತಿ?"

"ಹೌದು."

"ನನ್ನ ಒಂದ ಮಾತ ಕೇಳಬೇಕಿತ್ತರಿ."

"ನೀನೂ ಹೇಳಬೇಕಿತ್ತು."

"ಹ್ಯಾಂಗ ಹೇಳಲಿ? ನಲವತ್ತು ಮಂದಿ ಮುಂದ ಕೈ ಎತ್ತಲೇನು?"

ಶಾಲುಬಾಯಿ ಹಾಳೆಯನ್ನು ಕೈಗೆತ್ತಿಕೊಂಡರು. ಆಮೇಲೆ ಹೇಳಿದರು: "ಫಾರಂ ಬರದಿದ್ದು ಗೊತ್ತಿಲ್ಲದೆ. ಗುಳಿಗಿ ಕೊಟ್ಟಿದ್ದು ಹಂಗಲ್ಲ. ಆ ಪ್ರಶ್ನಿ ಯಾರು ಬರದ್ರಿ ಅಂತ ಅತಿಯಾ ಕೇಳಿದಾಗೇ ನಂಗ ತಿಳೀತು, ಊನ ಕೂಸು ಹುಟ್ಟಿದ್ರ ತಪ್ಪು ನನ್ನ ಮ್ಯಾಲೇ ಬರ್ತದಂತ. ಅದರ ಅಂಜಿಕಿಗೇ ಬುಧವಾರ ತನಕ ತಡೀಲಿಲ್ಲ."

ಪ್ರಣಾಲಿ ಕ್ಷಮಿಸಿದೆ ಎಂದೂ ಹೇಳಲಿಲ್ಲ, ಇಲ್ಲ ಎಂದೂ ಹೇಳಲಿಲ್ಲ.

ಮುಂದಿನ ಸಭೆಯಲ್ಲಿ ಶಾಲುಬಾಯಿ ಇಷ್ಟನ್ನೂ ಸಂಘದವರ ಮುಂದೆ ಹೇಳಿದರು. ಏನನ್ನೂ ಬಿಡಲಿಲ್ಲ. ಪಕ್ಕದಲ್ಲಿದ್ದಾಕೆ ಅವರ ಕೈ ಹಿಡಿದು, "ಹೋಗಲಿ ಬಿಡ್ರಿ ಬಾಯಿ, ಆಕಿ ಹಣೆಬರಹದಾಗ ಇದ್ದಿಲ್ಲ," ಎಂದಳು.

ಶಾಲುಬಾಯಿ ಕೈ ಬಿಡಿಸಿಕೊಂಡರು. "ಹಣೆಬರಹ ಅನಬ್ಯಾಡ. ಡಾಕ್ಟರು ಅಂಕಿ ಹೇಳ್ಯಾರ. ಮೂರು. ಗರ್ಭ ತಗಿಸೋ ಮಾತು ನೂರರ ಕೆಳಗ ಇಲ್ಲೇ ಇಲ್ಲ."

ಇದನ್ನು ಓದುತ್ತಿರುವ ತಾಯಂದಿರೇ, ಅಕ್ಕತಂಗಿಯರೇ, ಮನೆಯ ಗಂಡಸರೇ,

ಎಕ್ಸ್‌ರೇ, ಸಿ.ಟಿ. ಸ್ಕ್ಯಾನ್ ಶತ್ರುಗಳಲ್ಲ. ಮುರಿದ ಎಲುಬನ್ನೂ ತಲೆಯೊಳಗಿನ ರಕ್ತಸ್ರಾವವನ್ನೂ ತೋರಿಸುವುದು ಅವೇ. ವೈದ್ಯರು ಬೇಕು ಎಂದರೆ ತೆಗೆಸಿಕೊಳ್ಳಿ. ಆದರೆ ಯಾಕೆ ಬೇಕು, ವಿಕಿರಣವಿಲ್ಲದ ಸೋನೋಗ್ರಫಿಯಿಂದ ಕೆಲಸ ಆಗುವುದಿಲ್ಲವೇ ಎಂದು ಕೇಳಿ. ಹಳೆಯ ಫಿಲ್ಮ್ ಇದ್ದರೆ ಜೊತೆಗೆ ಒಯ್ಯಿರಿ, ಅದನ್ನೇ ಮತ್ತೆ ತೆಗೆಯುವುದು ತಪ್ಪಬಹುದು. ಮಗುವನ್ನೋ ಮುದುಕರನ್ನೋ ಹಿಡಿದು ನಿಲ್ಲಬೇಕಾದರೆ ಸೀಸದ ಕೋಟು ಕೇಳಿ ಹಾಕಿಕೊಳ್ಳಿ. ಬಸುರಿಯರು ಹಿಡಿದು ನಿಲ್ಲಬೇಡಿ.

ಮುಟ್ಟು ಒಂದು ದಿನ ತಡವಾಗಿದ್ದರೂ ಎಕ್ಸ್‌ರೇ ತೆಗೆಯುವವರಿಗೆ ಮೊದಲೇ ಹೇಳಿ. ಎಲ್ಲರ ಮುಂದೆ ಹೇಳಲು ಆಗದಿದ್ದರೆ, ಒಬ್ಬಳೇ ಮಾತಾಡಬೇಕು ಎನ್ನಿ. ಒಂದು ಹಾಲ್‌ನಲ್ಲಿ ನಿಂತು ಕೂಗಿ ಕೇಳುವುದು ಕೇಳಿದಂತಲ್ಲ. ಹಾಗೆ ಕೂಗುವವರಿಗೂ ಈ ಮಾತು ಸೇರಲಿ.

ಸಂಶೋಧನೆಗೆ ಸ್ವಯಂಸೇವಕರಾಗುವುದು ಒಳ್ಳೆಯ ಕೆಲಸ. ನಿಮ್ಮ ಫಾರಂ ನೀವೇ ಓದಿ. ಓದು ಬಾರದಿದ್ದರೆ, ನಿಮ್ಮ ಭಾಷೆಯಲ್ಲಿ ಒಂದೊಂದೇ ಪ್ರಶ್ನೆ ಓದಿ ಹೇಳುವಂತೆ ಕೇಳಿ, ಉತ್ತರ ನೀವೇ ಕೊಡಿ. ನಕಲು ಕೈಗೆ ಬರುವ ತನಕ ಯಂತ್ರದ ಕಡೆ ಹೋಗಬೇಡಿ. ಮೇಜಿನ ಮೇಲೆ ಮಲಗಿದ ಮೇಲೂ ಬೇಡ ಎಂದು ಎದ್ದು ಬರುವ ಹಕ್ಕು ನಿಮಗಿದೆ.

ಇಷ್ಟಾದರೂ ತಪ್ಪು ನಡೆದುಹೋಗಿ, ಬಸುರಿನಲ್ಲಿ ಎಕ್ಸ್‌ರೇ ಆಗಿದ್ದರೆ, ಗುಳಿಗೆಯ ಅಂಗಡಿಗೆ ಹೋಗಬೇಡಿ. ವೈದ್ಯರ ಬಳಿ ಹೋಗಿ, ಕೂಸಿಗೆ ಎಷ್ಟು ಮುಟ್ಟಿದೆ ಎಂದು ಅಂಕಿ ಕೇಳಿ. ಅಂಕಿ ಬರುವ ತನಕ ಕಾಯಿರಿ.

ಪ್ರಣಾಲಿಯ ಅಂಕಿ ಬಂದದ್ದು ಶುಕ್ರವಾರ. ಅವಳು ಗುಳಿಗೆ ನುಂಗಿದ್ದು ಮಂಗಳವಾರ.